ಖಾಲಿ ಮಣೆಯ ಎಡೆ

ಧುಪದಾಳ
ತಾ. ೧೨-೧-೧೯೫೯

ಉದ್ದಪ್ಪ ಮುಕಾದಮರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಗೋಕಾಕ ಬ್ಲಾಕಿನ ಗ್ರಾಮಸೇವಿಕೆ, ಹೆಸರು ಶಿವಗಂಗವ್ವ, ಊರು ಕೌಜಲಗಿ. ನಿಮ್ಮ ಹುಕ್ಕೇರಿಯ ವಿಳಾಸವನ್ನು ಇಲ್ಲಿನ ಕೇರಿಯ ತಾಯವ್ವ ಕೊಟ್ಟಳು. ನಿಮ್ಮ ಅಕ್ಕ ರಾಯವ್ವನ ಸಲುವಾಗಿ ಬರೆಯುತ್ತಿದ್ದೇನೆ. ಆಕೆಗೆ ನಿಮ್ಮ ಹೊರತು ಯಾರೂ ಇಲ್ಲ ಎನ್ನುತ್ತಾರೆ.

ಆಕೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಎರಡು ವರ್ಷದ ಕೆಳಗೆ ಕೇರಿಯವರೆಲ್ಲ ಬೌದ್ಧರಾದ ದಿನ ಮನೆಮನೆಯ ದೇವರುಗಳನ್ನು ಹೊಳೆಗೆ ಅಡ್ಡ ಕಟ್ಟಿದ ಬಂದಾರದ ಹಿಂದಿನ ನೀರಿಗೆ ಬಿಟ್ಟರಂತೆ. ನೀರು ಇಳಿದಾಗಲೆಲ್ಲ ರಾಯವ್ವ ಹೊಳೆಗೆ ಹೋಗಿ, ಕೆಸರಿನಲ್ಲಿ ಕೈಯಾಡಿಸಿ, ಅವನ್ನು ಒಂದೊಂದಾಗಿ ಹೆಕ್ಕಿ ತಂದಿದ್ದಾಳೆ. ಹಿತ್ತಾಳೆಯ ಮುಖಗಳು, ತಾಮ್ರದ ತಗಡುಗಳು, ಗಂಟೆಗಳು. ಅವುಗಳ ಜೊತೆಗೆ ದಂಡೆಯಲ್ಲಿ ಸಿಕ್ಕ ಒಡಕು ಗಡಿಗೆ, ಬುಟ್ಟಿ, ಚಿಂದಿ. ಆಕೆ ಹೊಸ್ತಿಲ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಾಳೆ. ದೀಪಾವಳಿಯಿಂದ ಮೈಗೆ ನೀರು ಬಿದ್ದಿಲ್ಲ. ಕಾಲಿನಲ್ಲಿ ಹುಣ್ಣಾಗಿದೆ, ಮುಟ್ಟಗೊಡುವುದಿಲ್ಲ.

ಧಾರವಾಡದ ಹುಚ್ಚರ ಆಸ್ಪತ್ರೆಗೆ ಕಳಿಸಿಬಿಡೋಣ ಎಂದು ಊರ ಹಿರಿಯರು ಹೇಳುತ್ತಾರೆ. ಅದಕ್ಕೆ ಒಡಹುಟ್ಟಿದವರ ಸಹಿ ಬೇಕು. ನನ್ನ ಮನಸ್ಸು ಅದಕ್ಕೆ ಒಪ್ಪುವುದಿಲ್ಲ. ಆಕೆ ಯಾರಿಗೂ ಕೇಡು ಮಾಡಿದವಳಲ್ಲ. ಒಮ್ಮೆ ಬಂದು ನೋಡಿರಿ.

ಇನ್ನೊಂದು ಮಾತು. ಆಕೆ ದಿನಾಲು ಎಲ್ಲ ದೇವರಿಗೂ ಒಂದೊಂದು ಚೂರು ರೊಟ್ಟಿ ಎಡೆ ಇಡುತ್ತಾಳೆ. ನಾನು ದೇವರುಗಳನ್ನು ಎಣಿಸಿದೆ, ಅರವತ್ತೆರಡು. ಎಡೆ ಮಾತ್ರ ಅರವತ್ತಮೂರು. ದೇವರ ಜಗಲಿಯ ನಟ್ಟನಡುವೆ ಒಂದು ಖಾಲಿ ಮಣೆ ಇದೆ, ಅದರ ಮುಂದೆಯೂ ಒಂದು ಚೂರು. ಇದು ಯಾರಿಗೆ ಎಂದು ಕೇಳಿದರೆ ಮುಖ ತಿರುಗಿಸುತ್ತಾಳೆ. ನಿಮಗೇನಾದರೂ ಗೊತ್ತೇ?

ಶಿವಗಂಗವ್ವ


ಹುಕ್ಕೇರಿ
ತಾ. ೨೦-೧-೧೯೫೯

ಶಿವಗಂಗಾಬಾಯಿಗೆ,

ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವನು. ಆ ಎರಡು ವರ್ಷವೂ ಒಳಗೆ ಕೂತು ಕಲಿಯಲಿಲ್ಲ, ಕಟ್ಟೆಯ ಕೆಳಗೆ ಕೂತು ಕಲಿತೆ. ಮಳೆ ಬಂದ ದಿನ ನಮಗೆ ಸಾಲಿ ಇಲ್ಲ. ಅಕ್ಷರ ಸೊಟ್ಟ ಇದ್ದರೆ ಕಣ್ಣು ಕಿರಿದು ಮಾಡಿ ಓದಿಕೊಳ್ಳಿರಿ. ಕ್ಷೇಮ ಗೀಮ ಬರೆಯುವ ರೂಢಿ ನನಗಿಲ್ಲ.

ಫಾರ್ಮು ಕಳಿಸಿರಿ, ಸಹಿ ಮಾಡುತ್ತೇನೆ.

ಬಂದು ನೋಡಿರಿ ಎಂದು ಬರೆದಿದ್ದೀರಿ. ನೋಡುವುದೇನಿದೆ? ಆ ದೇವರುಗಳನ್ನು ಹೊಳೆಗೆ ಹಾಕಿಸಿದವನೇ ನಾನು. ನಾಗಪುರದ ದೀಕ್ಷೆಯ ಮರುವರ್ಷ ಹುಕ್ಕೇರಿಯಿಂದ ಬಂದು, ಚೀಲ ಹಿಡಿದು, ಒಂದು ಮನೆ ಬಿಡದೆ ಹೊಕ್ಕೆ. ಗುಡ್ಡವ್ವ ಎನ್ನುವ ಮುದುಕಿ ಅಳಹತ್ತಿದಳು. "ಅಳೂದಾದ್ರ ಹೊರಗ ಹೋಗಿ ಅಳ, ನನಗ ಹೊತ್ತಾಗತೈತಿ" ಅಂದೆ. ಆ ದೇವರುಗಳು ಇದ್ದಷ್ಟು ದಿನ ನಮ್ಮ ಕೊಡ ಬಾವಿಗೆ ಇಳಿದಿರಲಿಲ್ಲ, ತಿಳಿಯಿತೇ? ಮೂವತ್ತೊಂದು ವರ್ಷ ರಸ್ತೆ ಗ್ಯಾಂಗಿನ ಮುಕಾದಮ ಆಗಿದ್ದೆ. ಖಡಿ ಹಾಕಿ ರೋಲರ್ ಹಾಯಿಸಿದ ರಸ್ತೆಯನ್ನು ಮತ್ತೆ ಕೆದರುವವನನ್ನು ನಾನು ಗ್ಯಾಂಗಿನಲ್ಲಿ ಇಟ್ಟುಕೊಂಡವನಲ್ಲ. ಅಕ್ಕ ಆದರೇನು, ತಂಗಿ ಆದರೇನು.

ಆಕೆಗೆ ದೇವರ ಹುಚ್ಚು ಹಿಡಿದಿದೆ. ಹುಚ್ಚಿಗೆ ಆಸ್ಪತ್ರೆ ಇದೆ. ಇದರಲ್ಲಿ ನಿಮ್ಮ ಮನಸ್ಸು ಒಪ್ಪುವುದು ಬಿಡುವುದು ಎಲ್ಲಿ ಬಂತು?

ಖಾಲಿ ಮಣೆಯ ಸುದ್ದಿ ಕೇಳಿದ್ದೀರಿ. ನಿಮಗೆ ಎಣಿಸಲು ಬಂದಿಲ್ಲ. ಮತ್ತೊಮ್ಮೆ ಎಣಿಸಿರಿ.

ಹುಣ್ಣು ಯಾವ ಕಾಲಿಗೆ?

ಉದ್ದಪ್ಪ


ಧುಪದಾಳ
ತಾ. ೯-೨-೧೯೫೯

ಉದ್ದಪ್ಪನವರಿಗೆ,

ಬಲಗಾಲಿಗೆ, ಹಿಮ್ಮಡದ ಮೇಲೆ. ಈಗ ಮುಲಾಮು ಹಚ್ಚಗೊಡುತ್ತಾಳೆ.

ಫಾರ್ಮು ಕಳಿಸಿಲ್ಲ. ಸಿಟ್ಟಾಗಬೇಡಿರಿ, ಪೂರ್ತಿ ಓದಿರಿ.

ಆಕೆ ಯಾಕೆ ಒಣಗುತ್ತಿದ್ದಾಳೆ ಎಂದು ಈಗ ತಿಳಿಯಿತು. ಬರೀ ಚಹಾ, ಬೆಲ್ಲ, ಹಿಡಿ ಹುರಿಗಡಲೆಯ ಮೇಲೆ ಇದ್ದಾಳೆ. ರೊಟ್ಟಿ ಬಡಿಯುತ್ತಾಳೆ, ಎಡೆ ಇಡುತ್ತಾಳೆ, ಸಂಜೆಗೆ ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹೊಳೆಯ ಮೀನಿಗೆ ಹಾಕುತ್ತಾಳೆ. "ನೀನೂ ಉಣಬಾರದೇನವ್ವಾ?" ಎಂದು ಕೇಳಿದೆ. "ಮಂದಿ ಮನಿ ದ್ಯಾವ್ರ ಎಡಿ ನಾ ಹ್ಯಾಂಗ ಉಣ್ಣಲಿ? ಆ ಮನಿಯವರ ಉಣಬೇಕ. ನಮ್ಮಾಕಿ ಉಂಡ ಮ್ಯಾಲ ನಂದು" ಎಂದಳು. ನಮ್ಮಾಕಿ ಎಂದರೆ ಯಾರು ಎಂದದ್ದಕ್ಕೆ ಎದ್ದು ಹೊಳೆಯ ಕಡೆ ನಡೆದಳು.

ನನಗೆ ಇದು ಹುಚ್ಚು ಎನಿಸುವುದಿಲ್ಲ. ನಾನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಅದು ಕಳೆದರೆ ಸಿಗುವ ತನಕ ತುತ್ತು ಎತ್ತಬಾರದೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಒಮ್ಮೆ ಹೊಲದಲ್ಲಿ ಅಜ್ಜಿಯದೇ ಕಳೆದು, ಎರಡು ದಿನ ಉಪವಾಸ ಇದ್ದಳು. ಅವಳನ್ನು ಯಾರೂ ಧಾರವಾಡಕ್ಕೆ ಕಳಿಸಲಿಲ್ಲ.

ಮೊನ್ನೆ ತಾಯವ್ವನನ್ನು ಕರೆದುಕೊಂಡು ಹೋದೆ. ತಾಯವ್ವ ತಮ್ಮ ಮನೆಯ ದೇವರ ಮುಂದೆ ನಿಂತು, ಕೈ ಮುಗಿಯಲಿಲ್ಲ, ಆದರೆ "ಯಕ್ಕಾ, ನಾವು ಇಕಿನ್ನ ಬಿಟ್ಟೇವಿ. ಇಕಿ ಎಡಿ ಇನ್ನ ನಿಂದ. ಉಣ್ಣ" ಎಂದಳು. ರಾಯವ್ವ ಆಕೆಯ ಮುಖ ನೋಡಿದಳು. ಆಮೇಲೆ ಆ ಒಂದು ಚೂರು ಎತ್ತಿ ಉಂಡಳು. ಒಂದೇ ಚೂರು. ಆದರೂ ನನ್ನ ಕಣ್ಣ ಮುಂದೆ ಉಂಡಳು. ಇನ್ನು ಹದಿನೆಂಟು ಮನೆಗಳಿಗೆ ಹೋಗಿ ಇದೇ ಮಾತನ್ನು ಆಡಿಸಬೇಕು.

ಬಾಗಿಲಿನಿಂದ ಒಲೆಯವರೆಗೆ ಒಂದು ಮೊಳ ಅಗಲದ ದಾರಿಯೂ ಆಗಿದೆ. ಹದಿನೈದು ದಿನ ಹಿಡಿಯಿತು. ನಾನು ಏನನ್ನೂ ಎಸೆಯಲಿಲ್ಲ. ಆಕೆಯೇ ಒಂದೊಂದನ್ನು ಎತ್ತಿ ಸರಿಸಿದಳು, ನಾನು ಬರೀ ಜೊತೆಗೆ ಕೂತಿದ್ದೆ. ಇದು ನಿಧಾನದ ಕೆಲಸ. ದಯವಿಟ್ಟು ಅವಸರ ಮಾಡಬೇಡಿರಿ.

ಮತ್ತೊಮ್ಮೆ ಎಣಿಸಿದೆ. ಅರವತ್ತೆರಡೇ.

ಶಿವಗಂಗವ್ವ


ಹುಕ್ಕೇರಿ
ತಾ. ೩-೩-೧೯೫೯

ಬಾಯಿ,

ನೀವು ಹದಿನೈದು ದಿನದಲ್ಲಿ ಒಂದು ಮೊಳ ಮಾಡಿದಿರಿ. ನಾನು ಒಂದು ಮಧ್ಯಾಹ್ನದಲ್ಲಿ ಇಡೀ ಮನೆ ಮಾಡಿದೆ.

ಮೊನ್ನೆ ಬಂದಿದ್ದೆ. ನೀವು ಗೋಕಾಕಕ್ಕೆ ಮೀಟಿಂಗಿಗೆ ಹೋಗಿದ್ದಿರಂತೆ. ಅಕ್ಕ ಹೊಳೆಯಲ್ಲಿದ್ದಳು. ನಾಲ್ಕು ಆಳು, ಒಂದು ಚಕ್ಕಡಿ. ಗಡಿಗೆ ಚಿಂದಿ ಸುಟ್ಟೆವು. ದೇವರುಗಳನ್ನು ಗೋಕಾಕದ ಬೋಗಾರನ ಅಂಗಡಿಗೆ ಒಯ್ದು, ಕರಗಿಸು, ಇವತ್ತೇ ಕರಗಿಸು ಎಂದು ಹೇಳಿ, ಒಲೆ ಉರಿಯುವ ತನಕ ನಿಂತೆ. ಹೊಳೆಗೆ ಹಾಕಿದರೆ ಮರಳಿ ಬರುತ್ತವೆ ಎಂದು ಈಗ ಗೊತ್ತಾಗಿದೆಯಲ್ಲ. ಗೋಡೆಗೆ ಸುಣ್ಣವನ್ನೂ ಹೊಡೆಸಿದೆ. ಹೊಸ ಚಾಪೆ ಹಾಸಿದೆ. ಈಗ ನಿಮ್ಮ ರಾಯವ್ವ ಕಾಲು ಚಾಚಿ ಮಲಗಲಿ, ರೊಟ್ಟಿ ತಿನ್ನಲಿ. ಎಡೆ ಇಡಲು ದೇವರಿಲ್ಲದಿದ್ದರೆ ಹೊಟ್ಟೆಗೇ ಹಾಕಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಆಕೆ ಬರುವ ತನಕ ನಿಲ್ಲಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಆ ಮಣೆ ಒಂದನ್ನು ಬಿಟ್ಟು ಬಂದೆ. ಯಾಕೆ ಎಂದು ಕೇಳಬೇಡಿರಿ.

ಉದ್ದಪ್ಪ


ಧುಪದಾಳ
ತಾ. ೧೬-೩-೧೯೫೯

ಉದ್ದಪ್ಪನವರಿಗೆ,

ನೀವು ಹೊಡೆಸಿದ ಸುಣ್ಣ ಬೆಳ್ಳಗಿದೆ. ಚಾಪೆ ಸುತ್ತಿದ್ದು ಸುತ್ತಿದಂತೆಯೇ ಇದೆ.

ಆಕೆ ಅಳಲಿಲ್ಲ, ಬೈಯಲಿಲ್ಲ. ಬಾಗಿಲಲ್ಲಿ ನಿಂತು ಒಳಗೆ ನೋಡಿದಳಂತೆ, ಮತ್ತೆ ಹೊಳೆಗೆ ಹೋದಳಂತೆ. ಮರುದಿನದಿಂದ ಚಹಾವನ್ನೂ ಬಿಟ್ಟಿದ್ದಾಳೆ, ಬರೀ ಬೆಲ್ಲದ ನೀರು ಕುಡಿಯುತ್ತಾಳೆ. ಮೊದಲು ಕೆಸರಿನ ಅಂಚಿನಲ್ಲಿ ಹುಡುಕುತ್ತಿದ್ದಳು. ಈಗ ಎದೆಮಟ್ಟದ ನೀರಿಗೆ ಇಳಿಯುತ್ತಾಳೆ. ಗುರುವಾರ ಮೀನು ಹಿಡಿಯುವವರು ಜುಟ್ಟು ಹಿಡಿದು ಎಳೆದು ತಂದರು. ಮೈಯಲ್ಲಿ ಜ್ವರವಿದೆ.

ಆ ಜ್ವರದಲ್ಲಿ ಮೊದಲ ಸಲ ನನಗೆ ಹೇಳಿದಳು. "ಮಂದೀವು ಎಲ್ಲಾ ಸಿಕ್ಕುವು, ನಮ್ಮಾಕಿ ಒಬ್ಬಾಕಿ ಸಿಗವಲ್ಲಳು. ಹೆಬ್ಬಟ್ಟಿನಷ್ಟ ಅದಾಳ, ಮೂಗ ಸವದೈತಿ. ಅಲ್ಲೇ ಕೆಳಗ ಥಂಡ್ಯಾಗ ಬಿದ್ದಾಳ. ಆಕಿ ಉಪಾಸ, ನಾ ಹ್ಯಾಂಗ ಉಣ್ಣಲಿ?"

ನಿಮ್ಮ ಅಕ್ಕನಿಗೆ ದೇವರ ಹುಚ್ಚಿಲ್ಲ. ತನ್ನದೊಂದನ್ನು ಹುಡುಕಲು ಹೋದವಳು. ಹುಡುಕುವಾಗ ಕೈಗೆ ಸಿಕ್ಕ ಉಳಿದವರನ್ನು ಮತ್ತೆ ಕೆಸರಿಗೆ ಎಸೆಯಲು ಮನಸ್ಸಾಗಲಿಲ್ಲ. ಅಷ್ಟೆ. ನಾನು ಎಣಿಸಿದ್ದು ತಪ್ಪಿರಲಿಲ್ಲ.

ಹಿರಿಯರು ಇನ್ನು ಕಾಯುವುದಿಲ್ಲ. ಫಾರ್ಮು ಈ ಲಕೋಟೆಯಲ್ಲಿದೆ. ಏಪ್ರಿಲ್ ಹತ್ತರೊಳಗೆ ಸಹಿ ಮಾಡಿ ಕಳಿಸಬೇಕಂತೆ. ಕಳಿಸುತ್ತೀರೋ ಇಲ್ಲವೋ, ನನಗೆ ಹೇಳಲು ಏನೂ ಉಳಿದಿಲ್ಲ.

ಆಕೆ ನಿಮ್ಮ ಹೆಸರು ಎತ್ತಲಿಲ್ಲ. ಯಾರು ಖಾಲಿ ಮಾಡಿದರು ಎಂದು ಕೇಳಲೂ ಇಲ್ಲ.

ಶಿವಗಂಗವ್ವ


ಹುಕ್ಕೇರಿ
ತಾ. ೭-೪-೧೯೫೯

ಶಿವಗಂಗಾಬಾಯಿಗೆ,

ಇದನ್ನು ನೀವು ಕಳಿಸಿದ ಫಾರ್ಮಿನ ಬೆನ್ನ ಮೇಲೆಯೇ ಬರೆಯುತ್ತಿದ್ದೇನೆ. ಇನ್ನು ಅದು ಸಹಿಗೆ ಬರುವುದಿಲ್ಲ. ಇಪ್ಪತ್ತು ದಿನ ಇಟ್ಟುಕೊಂಡು ಕೂತಿದ್ದೆ. ನಾಲ್ಕು ಸಲ ಟಾಕು ಮಸಿಯಲ್ಲಿ ಅದ್ದಿದೆ.

ಓದಿದ ಮೇಲೆ ಒಲೆಗೆ ಹಾಕಿರಿ.

ಆವತ್ತು ಕೊನೆಯ ಮನೆ ನಮ್ಮದು. ಅಕ್ಕ ಕಂಬಕ್ಕೆ ಆತು ನಿಂತಿದ್ದಳು. ತೆಗೆದುಕೊಳ್ಳಲೇ ಎಂದು ನಾನು ಕೇಳಲಿಲ್ಲ, ಬೇಡ ಎಂದು ಆಕೆ ಅನ್ನಲಿಲ್ಲ. ಜಗಲಿಗೆ ಕೈ ಹಾಕಿ ಎತ್ತಿ ಚೀಲಕ್ಕೆ ಹಾಕಿದೆ. ನಮ್ಮ ಮನೆಯ ಎಲ್ಲವ್ವ. ಹೆಬ್ಬೆರಳಿನಷ್ಟು. ನಮ್ಮ ಅವ್ವ ದಿನಾ ಅರಿಷಿಣ ಹಚ್ಚಿ ಹಚ್ಚಿ ಮೂಗು ಸವೆದಿತ್ತು. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಒಂಬತ್ತು. ಅವ್ವನ ಮುಖ ನನಗೆ ನೆನಪಿಲ್ಲ. ಆ ಹೆಬ್ಬೆರಳು ನೆನಪಿದೆ.

ಬಂದಾರದ ಮೇಲೆ ನಿಂತು ಚೀಲ ಬೋರಲು ಹಾಕುವ ಮೊದಲು ಒಳಗೆ ಕೈ ಹಾಕಿದೆ. ಯಾಕೆ ಹಾಕಿದೆನೋ. ಅಷ್ಟು ಹಿತ್ತಾಳೆಯಲ್ಲಿ ಅದೊಂದೇ ಕೈಗೆ ಬಂತು. ಕೋಟಿನ ಕಿಸೆಗೆ ಇಳಿಸಿದೆ. ಉಳಿದವನ್ನೆಲ್ಲ ನೀರಿಗೆ ಸುರಿದು, ತಿರುಗಿ ನಿಂತು, ಹಿಂದೆ ನೋಡಬೇಡಿರಿ ಎಂದು ಮಂದಿಗೆ ಭಾಷಣ ಮಾಡಿದೆ. ಮಂದಿ ಚಪ್ಪಾಳೆ ಹೊಡೆದರು.

ಮನೆಗೆ ಬಂದಾಗ ಅಕ್ಕ ಒಂದೇ ಮಾತು ಕೇಳಿದಳು. "ನಮ್ಮಾಕಿನ್ನೂ ಬಿಟ್ಟ್ಯಾ?"

"ಬಿಟ್ಟೆ" ಅಂದೆ.

ಆ ಒಂದು ಮಾತಿಗೆ ಆಕೆ ಎರಡು ವರ್ಷ ನೀರಿನಲ್ಲಿ ನಿಂತಿದ್ದಾಳೆ. ಅದು ನನ್ನ ಟ್ರಂಕಿನಲ್ಲಿ, ಮುಕಾದಮನ ಬಿಲ್ಲೆಯ ಜೊತೆ, ಹಳೆಯ ಪಟಕಾದಲ್ಲಿ ಸುತ್ತಿಕೊಂಡು ಬಿದ್ದಿದೆ. ಪೂಜೆ ಮಾಡಿಲ್ಲ. ತೆಗೆದು ನೋಡಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಸಹಿ ಮಾಡುತ್ತೇನೆಂದು ಮೊದಲ ಪತ್ರಕ್ಕೇ ಹಾರಿಬಿದ್ದೆನಲ್ಲ, ಇದಕ್ಕೇ. ಆಕೆ ಧಾರವಾಡಕ್ಕೆ ಹೋದರೆ ಆ ಮಣೆಯೂ ಹೋಗುತ್ತಿತ್ತು. ಇಲ್ಲಿ ನಾನು ಹೇಳಿದರೆ ಗಲ್ಲಿ ಎದ್ದು ನಿಲ್ಲುತ್ತದೆ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಆ ಮಾನ ಒಂದೇ ನನ್ನ ಆಸ್ತಿ. ಅದನ್ನು ಅಕ್ಕನ ಮೈಮೇಲೆ ಕಟ್ಟಿದ್ದೆ.

ಒಂದು ಉಪಕಾರ ಮಾಡಿರಿ. ಅದನ್ನು ಅಂಚೆಯಲ್ಲಿ ಕಳಿಸುತ್ತೇನೆ. ಹೊಳೆಯಲ್ಲಿ ಸಿಕ್ಕಿತು ಎಂದು ಹೇಳಿ ಆಕೆಯ ಕೈಗೆ ಕೊಡಿರಿ.

ಉದ್ದಪ್ಪ


ಧುಪದಾಳ
ತಾ. ೧೫-೪-೧೯೫೯

ಉದ್ದಪ್ಪ ಕಾಕಾ,

ಅಂಚೆಯಲ್ಲಿ ಕಳಿಸಬೇಡಿರಿ. ಹೊಳೆಯಲ್ಲಿ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಆಕೆ ಇರುವಷ್ಟು ದಿನ ಆ ಹೊಳೆಯನ್ನೇ ನಂಬುತ್ತಾಳೆ, ಉಳಿದವರನ್ನು ಹುಡುಕಲು ಮತ್ತೆ ಇಳಿಯುತ್ತಾಳೆ. ನೀರಿನಲ್ಲಿ ಏನೂ ಇಲ್ಲ ಎಂದು ಆಕೆಗೆ ಹೇಳಬಲ್ಲವರು ನೀವೊಬ್ಬರೇ.

ಆಕೆಯ ತಮ್ಮ ಸಹಿ ಮಾಡುವುದಿಲ್ಲ ಎಂದು ಹಿರಿಯರಿಗೆ ತಿಳಿಸಿದ್ದೇನೆ. ಗಂಜಿಯನ್ನು ಔಷಧ ಎಂದು ಹೇಳಿ ನಾಲ್ಕು ಚಮಚ ಕುಡಿಸುತ್ತಿದ್ದೇನೆ. ಬಹಳ ದಿನ ಹೀಗೆ ನಡೆಯುವುದಿಲ್ಲ.

ನನಗೆ ಮೂಡಲಗಿಗೆ ವರ್ಗವಾಗಿದೆ. ಮೇ ಒಂದಕ್ಕೆ ಹೋಗಬೇಕು. ಆಕೆಯ ಮನೆಯಲ್ಲಿ ನೀರು ಕುಡಿದದ್ದು, ಒಲೆಯ ಮುಂದೆ ಕೂತದ್ದು ಕೆಲವರಿಗೆ ಸರಿಬರಲಿಲ್ಲ. ಅದಿರಲಿ. ಮುಲಾಮಿನ ಡಬ್ಬಿಯನ್ನು ತಾಯವ್ವನ ಹತ್ತಿರ ಇಟ್ಟು ಹೋಗುತ್ತೇನೆ.

ಕಾಗದವನ್ನು ಒಲೆಗೆ ಹಾಕಿದೆ.

ಶಿವಗಂಗವ್ವ


ಧುಪದಾಳ
ತಾ. ೩-೮-೧೯೫೯

ಮಗಳೇ,

ಮೂಡಲಗಿಯಿಂದ ನೀನು ಬರೆದ ಎರಡು ಪತ್ರ ಹುಕ್ಕೇರಿಗೆ ಹೋಗಿ, ಅಲ್ಲಿ ನಾನಿಲ್ಲವೆಂದು ಸುತ್ತಾಡಿ, ಈ ವಾರ ಇಲ್ಲಿ ಬಂದು ಬಿದ್ದವು. ಸಿಟ್ಟಾಗಬೇಡ. ನೀನು ಹೋದ ಐದನೆಯ ದಿನ ನಾನು ಬಂದೆ. ಬೇಕೆಂತಲೇ ತಡ ಮಾಡಿದೆ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ಬರುವ ಮೊದಲು ಹುಕ್ಕೇರಿಯ ನಮ್ಮ ಗಲ್ಲಿಯ ರವಿವಾರದ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪಂಚಶೀಲದಲ್ಲಿ ಸುಳ್ಳು ಹೇಳಬಾರದು ಎಂದೂ ಇದೆ. ಅದನ್ನು ದೀಕ್ಷೆಯ ದಿನವೇ ಮುರಿದಿದ್ದೆ, ಎರಡು ವರ್ಷ ಮುರಿದುಕೊಂಡೇ ಮಂದಿಗೆ ಶೀಲ ಹೇಳಿಕೊಟ್ಟೆ. ಅಲ್ಲಿಯವರ ದೇವರುಗಳನ್ನೂ ನಾನೇ ಬಿಡಿಸಿದ್ದೆ. ಯಲ್ಲಾರಿ ಎಂಬ ಹಿರಿಯ ಮಾತ್ರ ಬಾಯಿ ತೆರೆದ. "ಮುಕಾದಮ್‌ರ, ನಮ್ಮವು ಬಿಡಿಸಿ ನಿಮ್ಮದು ಇಟ್ಕೊಂಡ್ರ್ಯಾ?" ಅಂದ. ಬೈದಿದ್ದರೆ ಮರಳಿ ಬೈಯುತ್ತಿದ್ದೆ. ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿ ಹೋದರು. ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದಾಗ ಯಾರೂ ಹೊರಗೆ ಬರಲಿಲ್ಲ.

ಅಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಎಲುಬಿನ ಮೇಲೆ ಸೀರೆ ಸುತ್ತಿದಂತೆ ಇದ್ದಳು. ಮಾತಾಡದೆ ಅದನ್ನು ಆಕೆಯ ಅಂಗೈಯಲ್ಲಿ ಇಟ್ಟೆ. ಸೆರಗಿನಿಂದ ಒರೆಸಿದಳು. ಮೂಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಮೂಸಿ ನೋಡಿದಳು.

"ಡಾಂಬರ ವಾಸನಿ ಬರತೈತಿ. ಎಲ್ಲಿದ್ಳೋ?"

"ನನ್ನ ಟ್ರಂಕಿನ್ಯಾಗ."

"ನೀರಾಗ ಇರಲಿಲ್ಲ?"

"ಇಲ್ಲ."

"ಒಂದಿನಾನೂ?"

"ಒಂದಿನಾನೂ ಇಲ್ಲಬೇ ಯಕ್ಕಾ."

ಅದನ್ನು ಮಗುಚಿ ಬೆನ್ನನ್ನೂ ಒರೆಸಿದಳು. ಆಮೇಲೆ "ಎಡಿ ಇಟ್ಟಿದ್ಯಾ?" ಅಂದಳು.

"ಇಲ್ಲ."

"ಎರಡ ವರ್ಷ ಆಕಿನ್ನೂ ಉಪಾಸ ಕೆಡವಿದಿ, ನನ್ನೂ ಕೆಡವಿದಿ. ಮಂದೀವು ಎಲ್ಲಿ?"

"ಬೋಗಾರ ಕರಗಿಸಿದ."

"ಯಾರ್ನ ಕೇಳಿ ಕೊಟ್ಟಿ?"

ಆಕೆ ಎದ್ದು ಒಳಗೆ ಹೋದಳು. ಮಣೆಯ ಮೇಲೆ ಅದನ್ನು ಇಟ್ಟಳು. ಒಲೆ ಹಚ್ಚಿದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಹೊರಗಿನ ಕಟ್ಟೆಯ ಮೇಲೆ ನಾನು ಕೂತೆ. ಆ ದಿನ ನಮ್ಮ ಎಲ್ಲವ್ವನ ಎಡೆ ಉಂಡಳು, ಅದರ ಮೇಲೆ ಅರ್ಧ ರೊಟ್ಟಿ ಉಂಡಳು. ನನ್ನನ್ನು ಕರೆಯಲಿಲ್ಲ.

ಈಗ ದಿನಾ ಉಣ್ಣುತ್ತಾಳೆ. ಹೊಳೆಗೆ ಹೋಗುವುದು ನಿಂತಿದೆ. ಮೈಮೇಲೆ ನೀರು ಹಾಕಿಕೊಳ್ಳುತ್ತಾಳೆ. ಹಿಮ್ಮಡದ ಹುಣ್ಣಿಗೆ ನಿನ್ನ ಮುಲಾಮನ್ನು ನಾನೇ ಹಚ್ಚುತ್ತೇನೆ, ಮಾಯುತ್ತಿದೆ. ನಿನಗೆ ಸಂತೋಷ ಆಗಲಿ ಎಂದು ಇಷ್ಟು ಬರೆದೆ. ಇನ್ನು ಉಳಿದದ್ದನ್ನೂ ಬರೆಯುತ್ತೇನೆ.

ಒಂದು ರೊಟ್ಟಿಯ ಚೂರುಗಳನ್ನು ಇನ್ನೂ ನೆಲದ ಮೇಲೆ ಸಾಲಾಗಿ ಇಡುತ್ತಾಳೆ. ಮೊದಲು ಅರವತ್ತೆರಡು ದೇವರಿದ್ದವು, ಒಂದು ಜಾಗ ಖಾಲಿ ಇತ್ತು. ಈಗ ಒಂದಿದೆ, ಅರವತ್ತೆರಡು ಜಾಗ ಖಾಲಿ. ಒಂದೊಂದರ ಜಾಗವೂ ಆಕೆಗೆ ನೆನಪಿದೆ. "ಇದು ಗುಡ್ಡವ್ವಂದು, ಇದು ತಾಯವ್ವಂದು" ಎನ್ನುತ್ತ ಬರೀ ನೆಲಕ್ಕೆ ಇಡುತ್ತಾಳೆ. ನಾನು ಹೊಡೆಸಿದ ಸುಣ್ಣದ ಗೋಡೆಯನ್ನು ನೋಡುತ್ತ ನಾನು ಕೂತಿರುತ್ತೇನೆ. ಬೇಡ ಎನ್ನಲು ನಾನ್ಯಾರು? ಬಾಗಿಲಿನಿಂದ ಒಲೆಯ ತನಕದ ನಿನ್ನ ಮೊಳದ ದಾರಿಯನ್ನು ಮಾತ್ರ ತಪ್ಪದೆ ಬಿಡುತ್ತಾಳೆ. "ಆ ಹುಡುಗಿ ಹೇಳ್ಯಾಳ" ಎನ್ನುತ್ತಾಳೆ.

ಆ ಎಡೆ ನನಗೆ ನಡೆಯದು, ಆಕೆಗೂ ಗೊತ್ತು. ನಾನು ಬುದ್ಧನನ್ನು ಬಿಟ್ಟಿಲ್ಲ. ಕಟ್ಟೆಯ ಮೇಲೆ ಮೂರು ಕಲ್ಲು ಹೂಡಿ ಬೇರೆ ಬೇಯಿಸಿಕೊಳ್ಳುತ್ತಿದ್ದೆ. ಒಂದು ಗೋಡೆಯ ಆಚೆ ಆಕೆ, ಈಚೆ ನಾನು. ಮೂರು ತಿಂಗಳು ಹೀಗೆ ಕಳೆಯಿತು. ದಿನಕ್ಕೆ ನಾಲ್ಕು ಮಾತು ಆದರೆ ಹೆಚ್ಚು.

ನಿನ್ನೆ ಹೊಳೆ ತುಂಬಿ ಬಂದಾರದ ಮೇಲೆ ಹಾಯುತ್ತಿತ್ತು. ಸಪ್ಪಳ ಇಲ್ಲಿಯ ತನಕ ಕೇಳುತ್ತಿತ್ತು. ಕಟ್ಟೆಯ ಮೇಲೆ ಜಡಿಮಳೆ ಬಡಿದು ನನ್ನ ಒಲೆ ಆರಿಹೋಯಿತು. ಕಂಬಳಿ ಹೊದ್ದು ಕೂತಿದ್ದೆ. ಅಕ್ಕ ಒಳಗೆ ತನ್ನ ಸಾಲು ಮುಗಿಸಿದಳು. ಕೈಯಲ್ಲಿ ಒಂದು ಚೂರು ಉಳಿದಿತ್ತು. ಹೊರಗೆ ಬಂದು, ಬಗ್ಗಿ, ಆ ಖಾಲಿ ಜಾಗಗಳಿಗೆ ಇಡುವ ಹಾಗೆಯೇ ಅದನ್ನು ನನ್ನ ಮುಂದೆ ಕಲ್ಲಿನ ಮೇಲೆ ಇಟ್ಟಳು.

"ಇದ್ಯಾರಿಗೆಬೇ?" ಅಂದೆ.

"ನಿನಗ. ಹೊರಗ ಬಿದ್ದಾವ್ರಿಗೆಲ್ಲಾ ಇಡತೇನಲ್ಲ" ಅಂದಳು. "ಆ ಹುಕ್ಕೇರಿ ಮಂದಿನೂ ನಿನ್ನ ಹೊರಗ ಹಾಕ್ಯಾರಂತ."

ಅದು ದೇವರ ಎಡೆ ಅಲ್ಲ. ಅಂಚು ಕರಕಾಗಿತ್ತು, ಮಳೆಗೆ ಮೆತ್ತಗಾಗಿತ್ತು. ಉಂಡೆ.

ಉದ್ದಪ್ಪ